ಡ್ರೂಸಿಲಾ ಬರೆದ ಎಂಟೂವರೆ

ಫೋನ್ ಎರಡನೇ ಸಲ ಬಡಿದುಕೊಂಡು ಸುಮ್ಮನಾಯಿತು. ಲಿಯಾಂಡರ್ ಟಲ್ಕ್ ಎತ್ತಲಿಲ್ಲ. ಚುನಾವಣೆ ಹತ್ತಿರವಿತ್ತು, ಬೆಳಗಾದರೆ ವೋಟು ಕೇಳುವವರ ಕಾಟ. ಗೋಡೆ ಗಡಿಯಾರದಲ್ಲಿ ಎಂಟು ಮೂವತ್ತೈದು. ಒಂಬತ್ತಕ್ಕೆ ಸರಿಯಾಗಿ ಅವನೇ ಹ್ಯಾಲಿಫ್ಯಾಕ್ಸಿನ ಆಸ್ಪತ್ರೆಗೆ ಫೋನ್ ಮಾಡಬೇಕಿತ್ತು, ಹೃದಯದ ಆಪರೇಷನ್ನಿಗೆ ಹೆಂಡತಿ ಡ್ರೂಸಿಲಾಳನ್ನು ಒಳಗೆ ಕರೆದೊಯ್ಯುವ ಮುಂಚೆ ಎರಡು ಮಾತಾಡಲು. ಮಂಜು ಕವಿದು ಎರಡು ದಿನದಿಂದ ಹತ್ತಿರದ ಗ್ಯಾಂಡರ್ ನಿಲ್ದಾಣದಿಂದ ಒಂದು ವಿಮಾನವೂ ಹಾರಿರಲಿಲ್ಲ. ಇಲ್ಲದಿದ್ದರೆ ಅವಳ ಪಕ್ಕದಲ್ಲೇ ಇರುತ್ತಿದ್ದ. ಅವಳು ಹೊರಟ ದಿನ ಏನೋ ಸಣ್ಣದಕ್ಕೆ ರೇಗಿಬಿಟ್ಟಿದ್ದ. ಅದು ಒಳಗೇ ಕೊರೆಯುತ್ತಿತ್ತು.

ಒಂಬತ್ತು ಎಂಬುದರಲ್ಲಿ ಅವನಿಗೆ ಅನುಮಾನವೇ ಇರಲಿಲ್ಲ. ಮನೆಯ ಸಕಲ ಕೆಲಸಗಳೂ ಕಂಪ್ಯೂಟರಿನ ಒಂದೇ ಒಂದು ಸಾದಾ ಫೈಲಿನಲ್ಲಿದ್ದವು: ತಾರೀಖು, ಗಂಟೆ, ಕೆಲಸ, ಸಾಲಿಗೊಂದು. ಅಂಥ ಫೈಲಿಗೆ ಗಂಟೆ ಯಾವ ಊರಿನದೆಂದು ಹೇಗೆ ತಿಳಿಯಬೇಕು? ಅದಕ್ಕೇ ಲಿಯಾಂಡರ್ ತಲೆ ಓಡಿಸಿ, 'ಹ್ಯಾಲಿಫ್ಯಾಕ್ಸ್' ಎಂಬ ತಲೆಬರಹದ ಕೆಳಗಿನ ಗಂಟೆಗಳಿಗೆಲ್ಲ ಅರ್ಧ ತಾಸು ಸೇರಿಸುವ ಪುಟ್ಟ ಪ್ರೋಗ್ರಾಂ ಬರೆದಿದ್ದ. ಅಲ್ಲಿಗಿಂತ ಅವನಿದ್ದ ನ್ಯೂಫೌಂಡ್‌ಲ್ಯಾಂಡಿನ ಗಡಿಯಾರ ಅಷ್ಟು ಮುಂದೆ. ನಿನ್ನೆ ಡ್ರೂಸಿಲಾ ಆಸ್ಪತ್ರೆಯಲ್ಲಿ ಕೂತು, ತನ್ನ ಫೋನಿನಿಂದಲೇ ಆ ಫೈಲ್ ತೆರೆದು, ಅದೇ ತಲೆಬರಹದ ಕೆಳಗೆ ತಾನೇ 'ಎಂಟೂವರೆ, ಫೋನ್' ಎಂದು ಬರೆದಿದ್ದಳು. ಪ್ರೋಗ್ರಾಂ ಅದನ್ನು ಒಂಬತ್ತು ಎಂದು ತೋರಿಸಿತ್ತು.

ಮೂರನೇ ಸಲ ಬಡಿದಾಗ ಬೈದೇ ಬಿಡೋಣವೆಂದು ಎತ್ತಿದ.

"ಟಲ್ಕ್ ಅವ್ರಾ? ನಾನು ಡ್ರೂಸಿಲಾ ವಾರ್ಡಿನ ನರ್ಸ್. ಎಲ್ಲಿ ಹೋಗಿದ್ರಿ? ಎಂಟೂವರೆಗೆ ಮಾಡ್ತೀರಂತ ನಿಮ್ಮಾಕೆ ಫೋನೇ ನೋಡ್ತಾ ಮಲಗಿದಾರೆ!"

"ಅಲ್ಲಿ ಎಂಟೂವರೆ ಅಂದ್ರೆ ಇಲ್ಲಿ ಒಂಬತ್ತಲ್ವಾ?"

"ಅಯ್ಯೋ, ಅವ್ರು ಬರೆದಿದ್ದು ನಿಮ್ಮೂರ ಟೈಮ್ ಕಣ್ರೀ. ನಿಮಗ್ಯಾಕೆ ತಲೆನೋವು ಅಂತ ಅರ್ಧ ಗಂಟೆ ಅವ್ರೇ ಸೇರಿಸಿ ಬರೆದಿದಾರೆ. ಅದರ ಮೇಲೆ ನೀವೂ ಸೇರಿಸಿದ್ರಾ? ನಾನೂ ನಿಮ್ಮ ಕಡೆಯವಳೇ, ಬ್ಯೂರಿನ್‌ನವಳು. ನಮ್ಮಮ್ಮನೂ ಥೇಟ್ ಹಿಂಗೇ. ಅದಕ್ಕೇ ಅನುಮಾನ ಬಂತು. ಕರ್ಕೊಂಡ್ ಹೋಗಕ್ಕೆ ಬಂದವ್ರಿಗೆ, ಈ ಟ್ರಾಲಿ ಚಕ್ರ ಸರಿ ಇಲ್ಲ, ಬೇರೆ ತನ್ನಿ ಅಂತ ಕಳಿಸಿದೀನಿ. ಐದೇ ನಿಮಿಷ. ಮಾತಾಡಿ."

ಲಿಯಾಂಡರ್ ಫೋನನ್ನು ಕಿವಿಗೆ ಒತ್ತಿಕೊಂಡ.

"ಡ್ರೂ, ಅವತ್ತು ನಾನು ರೇಗಿದ್ದು..."

"ಬಿಡೋ ಮಾರಾಯ, ಅದನ್ನ ಇನ್ನೂ ಇಟ್ಕೊಂಡಿದೀಯಾ? ನಾನಾಗ್ಲೇ ಮರ್ತೆ. ತಿಂಡಿ ತಿಂದ್ಯಾ?"

"ಇಲ್ಲ."

"ತಿನ್ನು. ನಿನ್ನ ದನಿ ಕೇಳ್ದೆ ಹೋಗ್ಬಿಡ್ತೀನೇನೋ ಅಂತ ಭಯ ಆಗಿತ್ತು. ಈಗ ಇಲ್ಲ. ಹೋಗ್ಬರ್ತೀನಿ."

"ಹೋಗಿ ಬಾ," ಎಂದ. 'ಬಾ' ಎಂಬುದನ್ನು ಇನ್ನೊಮ್ಮೆ ಹೇಳಿದ.

ಹೊಸ ಟ್ರಾಲಿಯ ಚಕ್ರಗಳು ದೂರವಾದ ಸದ್ದು ಕೇಳಿತು. ನರ್ಸ್ ಮತ್ತೆ ಫೋನ್ ತೆಗೆದುಕೊಂಡಳು.

"ತಾಯೀ, ನಿಮ್ಮ ಈ ಉಪಕಾರಾನ ನಾನು..." ಎಂದ ಲಿಯಾಂಡರ್.

"ಅದೆಲ್ಲ ಆಮೇಲೆ. ಮುಗಿದ ಮೇಲೆ ನಾನೇ ಫೋನ್ ಮಾಡ್ತೀನಿ."

"ಎಷ್ಟು ಗಂಟೆಗೆ? ನಿಮ್ಮ ಟೈಮಾ, ನಮ್ಮ ಟೈಮಾ?"

"ಅವ್ರು ಕಣ್ಣು ಬಿಟ್ಟಾಗ."

ಲಿಯಾಂಡರ್ ಕಣ್ಣೊರೆಸಿಕೊಂಡು ಫೈಲ್ ತೆರೆದ. ಗಂಟೆ ಬರೆಯುವ ಜಾಗದಲ್ಲಿ 'ಅವ್ರು ಕಣ್ಣು ಬಿಟ್ಟಾಗ' ಎಂದು, ನರ್ಸ್ ಹೇಳಿದ ಹಾಗೇ, ಟೈಪ್ ಮಾಡಿದ.