ಒಂದು ತಾಸಿನ ಹಸಿವು

ಆ ದೇಶದ ಕಾನೂನಿನಂತೆ ಪ್ರಧಾನಿಯಾದವರು ದಿನಕ್ಕೊಂದು ತಾಸು, ಇನ್ನೊಬ್ಬರ ಹೊಟ್ಟೆಯ ಸಂಕಟವನ್ನು ತಮ್ಮ ಹೊಟ್ಟೆಗೆ ದಾಟಿಸುವ ಪಟ್ಟಿ ಕಟ್ಟಿಕೊಂಡು, ಚೀಟಿ ಎತ್ತಿದಾಗ ಹೆಸರು ಬಂದವರ ಹಸಿವನ್ನು ತಾವೇ ಅನುಭವಿಸಬೇಕು. ಇಂದು ಬಂದದ್ದು ಪ್ರಧಾನಿಯ ಮಗಳು ನೀಲಾಂಬಿಕೆಯ ಹೆಸರು. ನೇಕಾರರ ಓಣಿ ಕೆಡವುವ ಅಪ್ಪನ ಆಜ್ಞೆಯ ವಿರುದ್ಧ, ಅವನ ಬಂಗಲೆಯ ಗೇಟಿನೆದುರೇ ಅವಳು ಉಪವಾಸ ಕೂತು ಐದು ದಿನವಾಗಿತ್ತು.

ಅಪ್ಪ ಹೊಟ್ಟೆ ಹಿಡಿದುಕೊಂಡು ಬಂದು ಅವಳ ಚಾಪೆಯ ಮೇಲೆ ಕೂತ.

"ಉಣ್ಣು ಅನ್ನಾಕ ಬಂದಿಲ್ಲವ್ವಾ."

"ತಾಸು ಆಗಲೇ ಮುಗದೈತಿ. ಪಟ್ಟಿ ಬಿಚ್ಚಪಾ."

"ಇರ್ಲಿ ಬಿಡು. ಇಷ್ಟು ಉರಿತೈತಂತ ಗೊತ್ತಿರ್ಲಿಲ್ಲ."

"ಆಜ್ಞೆ ಹಿಂದಕ್ಕ ತಗೋತಿಯೇನು?"

ಅಪ್ಪ ಇಲ್ಲವೆಂದು ತಲೆಯಾಡಿಸಿದ. ನೀಲಾಂಬಿಕೆ ಸಿಟ್ಟಿನಿಂದ ಮುಖ ತಿರುಗಿಸಿದಳು. ಆಮೇಲೆ ಚಾಪೆಯ ಪಕ್ಕದಲ್ಲಿದ್ದ ಫ್ಲಾಸ್ಕ್ ತೆರೆದು, ಅಪ್ಪನ ಹುಬ್ಬಿನ ಗಂಟು ಸಡಿಲವಾಗುವವರೆಗೂ ಗುಟುಕು ಗುಟುಕಾಗಿ ಬಿಸಿನೀರು ಕುಡಿದಳು.