ಮೊದಲು ನೀನು ಅಳಿಸು

"ಅಳಸ್ರಿ ಕಾಕೂ, ಒಂದ ನಿಮಿಷದಾಗ ವಾಪಸ್ ತಂದ ತೋರಸ್ತೇನಿ," ಎಂದ ಗಡಹಿಂಗ್ಲಜದ ಕಂಪ್ಯೂಟರ್ ಅಂಗಡಿಯ ಸಿದ್ಧಲಿಂಗ. ಸುಶೀಲಾಬಾಯಿಯ ಹೆಬ್ಬೆರಳು ಮೊಬೈಲಿನ ಮೇಲೆ ನಿಂತೇ ಇತ್ತು. ಅದರಲ್ಲಿದ್ದದ್ದು ಹೋದ ವರ್ಷ ತೀರಿಕೊಂಡ ಗಂಡನ ಧ್ವನಿ, ಹನ್ನೊಂದು ಸೆಕೆಂಡು: "ಮಳಿ ಬರಾಕತ್ತೈತಿ, ಮೆಣಸಿನಕಾಯಿ ಒಳಗ ತರಸು." ಅದರ ನಕಲು ಈಗ ಮೇಜಿನ ಮೇಲಿನ ಬ್ಯಾಕಪ್ ಡಬ್ಬಿಯಲ್ಲೂ ಇದೆ ಎಂದು ಅವನು ಹೇಳುತ್ತಿದ್ದ. ಹೊಸ ಮಾಲು, ಒಂದೇ ಗುಂಡಿ.

"ಖಾರ ಎಷ್ಟೈತಿ ಅಂತ ಗಿರಾಕಿ ಕೇಳಿದ್ರ, ನಮ್ಮ ಅಂಗಡ್ಯಾಗ ಮೆಣಸಿನಕಾಯಿ ಮದಲ ನಾವ ಕಡೀತೇವಿ, ತಮ್ಮಾ. ನಿನ್ನ ಮಗಳ ಫೋಟೋ ಅಳಸು, ನೋಡೂಣು," ಎಂದರು ಸುಶೀಲಾಬಾಯಿ, ಅವನ ಮೊಬೈಲಿನ ಪರದೆಯ ಮೇಲಿದ್ದ ಮಗುವಿನ ಮುಖ ನೋಡಿ.

"ಭಾಳ ಶಾಣ್ಯಾರದೀರಿ," ಎಂದು ನಕ್ಕು, ಸಿದ್ಧಲಿಂಗ ತನ್ನ ಮೊಬೈಲನ್ನು ಹೊಸ ಡಬ್ಬಿಗೆ ಜೋಡಿಸಿ, ನಕಲು ಮಾಡಲು ಗುಂಡಿ ಒತ್ತಿದ. ಮಗಳ ತೊಟ್ಟಿಲ ದಿನದ ಫೋಟೋ ತೆರೆದ. ಡಬ್ಬಿಗೆ ಹೋದ ನಕಲು ಬಿಟ್ಟರೆ ಅವನಲ್ಲೂ ಅದು ಒಂದೇ ಇತ್ತು. ಬೆರಳು ಮುಂದೆ ಹೋಗಲಿಲ್ಲ.

ಅವನು ವಾಯರು ಕಿತ್ತು, ಕೆಳಗಿನ ಕಪಾಟಿನಿಂದ ಬೇರೊಂದು ಡಬ್ಬಿ ತೆಗೆದ. "ಇದಕ್ಕ ಎರಡ ಗುಂಡಿ ಅದಾವ್ರಿ, ತುಸು ಕಲೀಬೇಕು. ಮೂರ ವರ್ಷದಿಂದ ಮಾರಾಕತ್ತೇನಿ, ಒಂದೂ ತಕರಾರ ಬಂದಿಲ್ಲ." ಫೋಟೋವನ್ನು ಅದಕ್ಕೆ ನಕಲು ಮಾಡಿ, ಮೊಬೈಲಿನಲ್ಲಿದ್ದುದನ್ನು ಅಳಿಸಿಬಿಟ್ಟ.

ಅದು ಮರಳಿ ಬರುವ ಮೊದಲೇ ಸುಶೀಲಾಬಾಯಿ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು. "ಎರಡೂ ಗುಂಡಿ ಹೆಂಗ ಒತ್ತೂದಪಾ, ತೋರಸು."