ಅವ್ವನ ಪದದ ಮೂಡ್

“ಚೆನ್ನಾಗೈತೆ ಪಾಷಾ. ಆದ್ರ ಭಾಳ ನಿಧಾನ ಆತು,” ಎಂದ ನಾಗರಾಜಪ್ಪ, ಕಣ್ಣು ಒರೆಸಿಕೊಳ್ಳುತ್ತ.

ದಾವಣಗೆರೆಯ ವಿನೋಬನಗರದಲ್ಲಿದ್ದ ಅಂಜನಕುಮಾರನ ಪುಟ್ಟ ಸ್ಟುಡಿಯೋದಲ್ಲಿ ಚಾಂದ್ ಪಾಷಾ ಕ್ಲಾರಿನೆಟ್ ಕೆಳಗಿಳಿಸಿದ. ಹರಿಹರದ ಅಕ್ಕಿ ಗಿರಣಿಯ ಮಾಲೀಕ ನಾಗರಾಜಪ್ಪನ ತಾಯಿ ದ್ಯಾಮವ್ವ ತೀರಿಕೊಂಡು ವಾರವಾಗಿತ್ತು. ಆಕೆ ದಿನಾ ಬೆಳಗ್ಗೆ ಅಂಗಳ ಗುಡಿಸುತ್ತ ಹಾಡಿಕೊಳ್ಳುತ್ತಿದ್ದ ದೇವರ ಪದವನ್ನು ತಿಥಿ ಊಟದ ಹೊತ್ತಿಗೆ ಹಾಲ್‌ನಲ್ಲಿ ಹಾಕಿಸಬೇಕೆಂಬುದು ಮಗನ ಆಸೆ. ಬರೀ ವಾದ್ಯ, ಮಾತು ಬೇಡ. ಮಾತಿದ್ದರೆ ಬಂದವರು ಅದು ಯಾವ ದೇವರದು, ಯಾವ ಮಠದ್ದು ಎಂದು ಚರ್ಚೆಗೆ ಕೂರುತ್ತಾರೆ. ಕೀಬೋರ್ಡೂ ಬೇಡ, ಒಂದು ಕ್ಲಾರಿನೆಟ್, ಒಂದು ತಬಲಾ ಸಾಕು. ಫೋನಿನಲ್ಲಿ ಉಳಿದಿದ್ದ ದ್ಯಾಮವ್ವನ ದನಿ ಕೇಳಿಸಿಕೊಂಡು ಪಾಷಾ ಹಾಗೇ ನುಡಿಸಿದ್ದ.

“ಅವ್ವಾರು ಹಾಡಿದ್ದೇ ಇಷ್ಟು ನಿಧಾನ ಐತಲ್ರಿ ಯಜಮಾನ್ರ.”

“ಅವ್ವಗ ಏನು ಅವಸರ ಇತ್ತು? ಊಟಕ್ಕೆ ಬರೋರು ದೊಡ್ಡ ಮಂದಿ. ಅವರ ಮೂಡ್ ಕೆಡಬಾರದು.”

ವೇಗ ಹೆಚ್ಚಿತು. ಆದರೂ ಮೊದಲ ಸಾಲು ಮುಗಿಯುವಷ್ಟರಲ್ಲಿ ನಾಗರಾಜಪ್ಪ ಮತ್ತೆ ಕಣ್ಣು ಒರೆಸಿಕೊಂಡ. ನೀರು ಕುಡಿಯುವ ನೆಪದಲ್ಲಿ ಹೊರಗೆ ಹೋಗಿ ಬಂದು, “ಶ್ರುತಿ ತಗ್ಗಾತು. ಒಳಗ್ಯಾರೋ ಕುಂತು ಅತ್ತಂಗ ಐತೆ,” ಎಂದ. ಶ್ರುತಿಯೂ ಏರಿತು. “ಪಾಸಿಟಿವ್ ಫೀಲ್ ಬೇಕಂದ್ರ ಕೊನೇ ಸ್ವರ ಕೆಳಗ ಇಳಿಸಬಾರ್ದು ಸರ್, ಮ್ಯಾಲೇ ಬಿಡಬೇಕು,” ಎಂದು ಅಂಜನಕುಮಾರ ತನ್ನ ಪಾಲಿನ ವಿದ್ಯೆ ಸೇರಿಸಿದ. ಪಾಷಾನಿಗೂ ಬೇಸರವಾಗಲಿಲ್ಲ. ಮದುವೆ ಮೆರವಣಿಗೆಗಳಲ್ಲಿ ಪಳಗಿದ ಬೆರಳುಗಳು ವೇಗ ಸಿಕ್ಕಿದ್ದೇ ಹಗ್ಗ ಬಿಚ್ಚಿದ ಕರುವಿನಂತೆ ಓಡಿದವು. ನಡುನಡುವೆ ಒಂದಷ್ಟು ಕುಲುಕಾಟ ತಾನಾಗಿಯೇ ಬಂದು ಕೂತಿತು.

ಕೊನೆಗೆ ನುಡಿಸಿದ್ದನ್ನು ನಾಗರಾಜಪ್ಪ ಒಂದು ಹನಿ ಕಣ್ಣೀರಿಲ್ಲದೆ ಪೂರ್ತಿ ಕೇಳಿದ. “ಇದು ಸರಿ ಆತು. ಈಗ ಶಾಂತಿ ಐತೆ ಇದ್ರಾಗ.”

ತಿಥಿಯ ದಿನ ಹರಿಹರದ ಹಾಲ್‌ನಲ್ಲಿ ಸ್ಪೀಕರುಗಳು ಅದನ್ನೇ ಮತ್ತೆ ಮತ್ತೆ ನುಡಿಸಿದವು. ಬಡಿಸುವವರ ಕಾಲುಗಳು ತಬಲಾದ ತಾಳಕ್ಕೆ ಹೊಂದಿಕೊಂಡವು. ಅನ್ನದ ಹಿಂದೆಯೇ ಸಾರು, ಸಾರಿನ ಹಿಂದೆಯೇ ಮಜ್ಜಿಗೆ ಬಂತು. ಮೊದಲ ಪಂಕ್ತಿ ಎಲೆಯ ಮುಂದೆ ಕೂತದ್ದೂ ಎದ್ದದ್ದೂ ಗೊತ್ತಾಗಲಿಲ್ಲ. ಯಾರೂ ಅಳಲಿಲ್ಲ. ಸಹಕಾರ ಸಂಘದ ಅಧ್ಯಕ್ಷ ಮಾಲತೇಶಪ್ಪ ಹೋಳಿಗೆ ಮುರಿಯುತ್ತ ತಲೆದೂಗಿದ.

“ಭಾಳ ಚಲೋ ಹಾಕ್ಸೀರಿ ನಾಗರಾಜಪ್ಪ. ಯಾವ ಪಿಚ್ಚರ್ದು ಇದು? ನಮ್ಮ ಹುಡುಗಿ ಮದ್ವಿಗೂ ಇದನ್ನೇ ಹಾಕ್ಸೋಣ ಅಂತ.”

“ಪಿಚ್ಚರ್ದಲ್ಲರಿ. ನಮ್ಮವ್ವಂದು.”

“ಹೌದಾ? ಅವ್ವಾರು ಭಾಳ ಜಾಲಿ ಮನಿಷಿ ಇದ್ರು ಅಂತ ಕಾಣ್ತೈತೆ,” ಎಂದು ಮಾಲತೇಶಪ್ಪ ಇನ್ನಷ್ಟು ತುಪ್ಪ ಹಾಕಿಸಿಕೊಂಡ.

ನಾಗರಾಜಪ್ಪ ನಕ್ಕು ಮುಂದೆ ಸಾಗಿದ. ಕೊನೆಯ ಎಲೆಯ ಮುಂದೆ ಅವ್ವನ ತಂಗಿ ದುರುಗಮ್ಮ ಕೂತಿದ್ದಳು. ಚಿಕ್ಕವಳಿದ್ದಾಗ ಅಕ್ಕನ ಬಾಯಿಂದಲೇ ಆ ಪದ ಕಲಿತವಳು. ಎಲೆಗೆ ಬಡಿಸಿದ್ದೆಲ್ಲ ಬಡಿಸಿದ ಹಾಗೇ ಇತ್ತು.

“ಯಾಕ ಚಿಕ್ಕವ್ವ, ಉಣ್ಣವಲ್ಲಿ?”

ದುರುಗಮ್ಮ ಅವನ ಕೈ ಹಿಡಿದು ಹತ್ತಿರಕ್ಕೆ ಎಳೆದುಕೊಂಡಳು. “ನಾಗಪ್ಪಾ, ಪಕ್ಕದ ಮದ್ವಿ ಮನಿಯೋರಿಗೆ ಒಂದು ಮಾತು ಹೇಳಿ ಬಾರಪ್ಪ. ಇಲ್ಲಿ ನಮ್ಮಕ್ಕನ ತಿಥಿ ನಡದೈತೆ, ಮೈಕು ಸ್ವಲ್ಪ ಸಣ್ಣಗ ಮಾಡ್ರಿ ಅಂತ.”

ಅವನು ಸ್ಪೀಕರಿನ ಕಡೆ ನೋಡಿದ, ಆಮೇಲೆ ಅವಳ ಮುಖ ನೋಡಿದ.

“ಹೇಳಿ ಬರ್ತೀನಿ ಚಿಕ್ಕವ್ವ. ನೀ ಉಣ್ಣು.”

ನಾಗರಾಜಪ್ಪ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದ. ಪಕ್ಕದಲ್ಲಿ ಇದ್ದದ್ದು ಬಾಗಿಲು ಹಾಕಿದ ಟೈರ್ ಅಂಗಡಿ. ಅದರ ಮುಂದೆ ಹೋಗಿ ನಿಂತ. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಮೆಲ್ಲಗೆ ಶಟರ್ ತಟ್ಟಿದ.